ರಾಜ್ಯಶಾಸ್ತ್ರ ತಗೊಂಡು ತಪ್ಪು ಮಾಡಿದೆನಾ? ಹಾವೇರಿಯ ಓದುಗಿಗೆ ಸಂಪಾದಕರ ಉತ್ತರ

ಹಾವೇರಿ ಜಿಲ್ಲೆಯ ಓದುಗಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕುತ್ತಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದಾರೆ. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇಷ್ಟದ ವಿಷಯ ರಾಜ್ಯಶಾಸ್ತ್ರ. ಕಾಲೇಜಿಗೆ ಕಂಪನಿಯವರು ಬಂದಾಗ ಬಿಕಾಂ, ಬಿಸಿಎ ಮಕ್ಕಳನ್ನು ಮಾತ್ರ ಕರೆದರಂತೆ. ಬಿಎ ಹುಡುಗಿಯರು ಹೋಗಿ ಕೇಳಿದ್ದಕ್ಕೆ "ನಿಮಗೆ ಕೆಎಎಸ್, ಐಎಎಸ್ ಇದೆಯಲ್ಲ" ಎಂಬ ಉತ್ತರ ಬಂತಂತೆ. ಅಣ್ಣ ಧಾರವಾಡದಲ್ಲಿ ಕೋಚಿಂಗ್‌ಗೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ, ಅಪ್ಪ ಮದುವೆ ಮಾತು ಎತ್ತಿದ್ದಾರೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಸರ್, ರಾಜ್ಯಶಾಸ್ತ್ರ ತಗೊಂಡು ನಾನು ತಪ್ಪು ಮಾಡಿದೆನಾ?"

ಇಲ್ಲ ತಂಗಿ, ತಪ್ಪು ಮಾಡಿಲ್ಲ. ಆದರೆ ನಿಮಗೆ ಒಂದೇ ಬಾಗಿಲು ತೋರಿಸಿ ಉಳಿದದ್ದನ್ನೆಲ್ಲ ಮುಚ್ಚಿಟ್ಟಿದ್ದಾರೆ. ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಬಿಎ ಮಕ್ಕಳಿಗೆ ಐಎಎಸ್ ಇದೆಯಲ್ಲ ಅನ್ನುವವರು ಕೆಲಸದ ದಾರಿ ಹೇಳಿದಂತಲ್ಲ, ಆ ಮಕ್ಕಳ ಬಗ್ಗೆ ಯೋಚಿಸುವ ಕೆಲಸವನ್ನೇ ತಪ್ಪಿಸಿಕೊಂಡಂತೆ.

ಆ ಒಂದು ಬಾಗಿಲಿನ ಲೆಕ್ಕ ಮೊದಲು ನೋಡೋಣ. 2023ರ ಯುಪಿಎಸ್‌ಸಿ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಜಾಸ್ತಿ. ಪ್ರಿಲಿಮ್ಸ್ ಬರೆದವರು ಸುಮಾರು 5.92 ಲಕ್ಷ, ಮೇನ್ಸ್‌ಗೆ ಅರ್ಹರಾದವರು 14,624, ಕೊನೆಗೆ ಆಯ್ಕೆಯಾದವರು 1,016. ಕೆಎಎಸ್ ಕಥೆ ಇನ್ನೊಂದು ಥರ. 2020ರ ಜನವರಿಯಲ್ಲಿ 106 ಹುದ್ದೆಗೆ ಅಧಿಸೂಚನೆ ಬಂತು, ಅದಾದ ಮೇಲಿನದು ಬಂದದ್ದು 2024ರ ಫೆಬ್ರವರಿಯಲ್ಲಿ, 384 ಹುದ್ದೆಗೆ. ನಡುವೆ ನಾಲ್ಕು ವರ್ಷ. ಆ ನಾಲ್ಕು ವರ್ಷ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬಾಡಿಗೆ ರೂಮಿನಲ್ಲಿ ಕೂತು, ಊರಿಗೆ ಹೋದರೆ "ಏನಾಯ್ತು" ಅಂತ ಕೇಳುತ್ತಾರೆ ಅನ್ನುವ ಭಯಕ್ಕೆ ಹಬ್ಬಕ್ಕೂ ಹೋಗದೆ ಕಾದವರು ಎಷ್ಟು ಜನ ಇರಬಹುದು ಯೋಚಿಸಿ. ಅಷ್ಟಾದ ಮೇಲೆ 2024ರ ಆಗಸ್ಟ್‌ನಲ್ಲಿ ಪ್ರಿಲಿಮ್ಸ್ ನಡೆದರೆ ಕನ್ನಡದ ಪ್ರಶ್ನೆಪತ್ರಿಕೆ ತುಂಬ ಅನುವಾದದ ತಪ್ಪು. ಡಿಸೆಂಬರ್‌ನಲ್ಲಿ ಮತ್ತೆ ಬರೆಸಬೇಕಾಯಿತು.

ಹಾಗಂತ ಬರೆಯಬೇಡಿ ಎನ್ನುತ್ತಿಲ್ಲ, ಬರೆಯಿರಿ. ಯುಪಿಎಸ್‌ಸಿಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಅನ್ನುವ ಐಚ್ಛಿಕ ವಿಷಯವೇ ಇದೆ, ಮೇನ್ಸ್‌ನ 1,750 ಅಂಕಗಳಲ್ಲಿ 500 ಅದಕ್ಕೆ. ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯೂ ಬಹುಪಾಲು ನಿಮ್ಮ ವಿಷಯವೇ. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಇದು ಗೊತ್ತಿಲ್ಲದೆ ಕೋಚಿಂಗ್ ಶುಲ್ಕ ಕಟ್ಟಿದವರಿದ್ದಾರೆ. ಅಣ್ಣನ ಜೊತೆ ಕೂತು ಈ ಲೆಕ್ಕವನ್ನೆಲ್ಲ ಹೇಳಿ. ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಯನ್ನು ಇನ್ನೊಂದು ಓದಿನ ಅಥವಾ ಕೆಲಸದ ಜೊತೆಗೆ ಇಟ್ಟುಕೊಳ್ಳಿ. ಅದೊಂದನ್ನೇ ಹಿಡಿದು ಕೂರಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯ. ಮೂರು ವರ್ಷ ರಾಜ್ಯಶಾಸ್ತ್ರ ಓದಿದ ಹುಡುಗಿಯನ್ನು ಯಾರಾದರೂ "ನೀನು ಏನು ಮಾಡಬಲ್ಲೆ" ಎಂದು ಕೇಳಿದರೆ ತೋರಿಸಲು ಅಂಕಪಟ್ಟಿ ಬಿಟ್ಟು ಬೇರೇನೂ ಇರುವುದಿಲ್ಲ. ಬಿಸಿಎ ಹುಡುಗ ಒಂದು ಪ್ರಾಜೆಕ್ಟ್ ತೋರಿಸುತ್ತಾನೆ, ನಿಮಗೆ ಅಂಥದ್ದೊಂದನ್ನು ಮಾಡಲು ಯಾರೂ ಹೇಳಿಲ್ಲ. ಉಳಿದಿರುವ ತಿಂಗಳುಗಳಲ್ಲಿ ನೀವೇ ಮಾಡಿಕೊಳ್ಳಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ನಿಮ್ಮ ಊರಿನ ಗ್ರಾಮ ಪಂಚಾಯಿತಿ ಸಾಕು.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ನಿಮ್ಮ ಊರಿನಲ್ಲಿ ನಡೆಯುತ್ತದಾ? ಹೋಗಿ ಕೂರಿ. ಎಷ್ಟು ಜನ ಬಂದರು, ಹೆಂಗಸರು ಎಷ್ಟು, ಮಾತಾಡಿದ್ದು ಯಾರು, ಮನೆ ಹಂಚಿಕೆಯ ಪಟ್ಟಿ ಬಂದಾಗ ಯಾರ ದನಿ ಏರಿತು, ಎಲ್ಲ ಬರೆದುಕೊಳ್ಳಿ. ಆಮೇಲೆ ಪಂಚಾಯಿತಿಗೆ ಹೋಗಿ ನಡಾವಳಿ ಪುಸ್ತಕ ನೋಡಿ. ಸಭೆಯಲ್ಲಿ ಕೇಳಿದ ಮಾತಿಗೂ ಪುಸ್ತಕದಲ್ಲಿರುವ ಠರಾವಿಗೂ ಹೊಂದಿಕೆ ಇದೆಯಾ ನೋಡಿ. ತೋರಿಸಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಅಷ್ಟು ಚಿಕ್ಕದಾಗಿ, ಜಾರಿಕೊಳ್ಳಲು ಜಾಗ ಕೊಡದ ಹಾಗೆ ಪ್ರಶ್ನೆ ಬರೆಯುವುದನ್ನು ಯಾವ ಸೆಮಿಸ್ಟರ್‌ನಲ್ಲೂ ಕಲಿಸಿರುವುದಿಲ್ಲ, ಎರಡು ಅರ್ಜಿ ಬರೆಯುವಷ್ಟರಲ್ಲಿ ಬಂದುಬಿಡುತ್ತದೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ಪಂಚಾಯಿತಿಯ ಖರ್ಚುವೆಚ್ಚ ಜನರ ಮುಂದೆ ಇಡುವ ದಿನ. ಅದನ್ನೂ ತಪ್ಪಿಸಬೇಡಿ.

ಇನ್ನೊಂದು ಕೆಲಸ ಇದೆ, ನನಗೆ ತುಂಬಾ ಇಷ್ಟವಾದದ್ದು. ದೇಶಕ್ಕೆಲ್ಲ ಪಂಚಾಯತ್ ರಾಜ್ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ ನಮ್ಮ ರಾಜ್ಯದಲ್ಲಿ 1983ರ ಕಾಯ್ದೆಯಡಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದವು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದದ್ದು. 1987ರಲ್ಲಿ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ಶೇ. 25 ಮೀಸಲಾತಿ ಇತ್ತು. ಆಗ ಗೆದ್ದ ಹೆಂಗಸರು ಈಗ ಅಜ್ಜಿಯರು. ನಿಮ್ಮ ಸುತ್ತಮುತ್ತ ಅಂಥವರು ಒಬ್ಬರಾದರೂ ಸಿಗಬಹುದು. ಮೊದಲ ಸಭೆಗೆ ಯಾರ ಜೊತೆ ಹೋದಿರಿ, ಕುರ್ಚಿಯಲ್ಲಿ ಕೂತಿರಾ ನೆಲದ ಮೇಲಾ, ಸಹಿ ಮಾಡುವ ಮುಂಚೆ ಕಾಗದ ಓದಿ ಹೇಳಿದ್ದು ಯಾರು ಅಂತ ಕೇಳಿ. ಈಗ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಇದೆ, ಇಂದಿನ ಒಬ್ಬ ಸದಸ್ಯೆಗೂ ಇದೇ ಪ್ರಶ್ನೆ ಕೇಳಿ. ಎರಡನ್ನೂ ಎದುರುಬದುರು ಇಟ್ಟು ಬರೆಯಿರಿ. ನಿಮ್ಮ ಊರಿನ ಆ ಅಜ್ಜಿಯ ಮಾತನ್ನು ಇದುವರೆಗೆ ಯಾರಾದರೂ ಬರೆದಿಟ್ಟಿದ್ದಾರಾ? ನೀವು ಬರೆಯದಿದ್ದರೆ ಇನ್ನು ಯಾರು ಬರೆಯುತ್ತಾರೆ?

ಇದೆಲ್ಲ ಕೆಲಸಕ್ಕೆ ಹೇಗೆ ಆಗುತ್ತದೆ ಅಂತ ಅಪ್ಪ ಕೇಳಬಹುದು. ಆಗುತ್ತದೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೆ 2024ರಲ್ಲಿ ಕೆಪಿಎಸ್‌ಸಿ 247 ಜಾಗಕ್ಕೆ ಅರ್ಜಿ ಕರೆದಿತ್ತು. ಮುಂದೆ ಕರೆದಾಗ ಪಂಚಾಯಿತಿ ಒಳಗೆ ಏನು ನಡೆಯುತ್ತದೆ ಎಂದು ಕಣ್ಣಾರೆ ಕಂಡವರಿಗೂ ಗೈಡ್ ಉರು ಹೊಡೆದವರಿಗೂ ವ್ಯತ್ಯಾಸ ಇರುತ್ತದೆ. ಪಕ್ಕದ ಗದಗದಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, ಅಲ್ಲಿಯ ಸ್ನಾತಕೋತ್ತರ ಕೋರ್ಸುಗಳನ್ನು ನೋಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದಲ್ಲಿ ಎಂಎ ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಕೋರ್ಸ್ ಇದೆ. ದೆಹಲಿಯಲ್ಲಿ ಶಾಸನಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಇದೆ. 2010ರಿಂದ ನಡೆಯುತ್ತಿದೆ. ಪದವಿ ಮುಗಿಸಿದ 25 ವರ್ಷದೊಳಗಿನವರನ್ನು ಒಬ್ಬೊಬ್ಬ ಸಂಸದರ ಜೊತೆ ಸಂಶೋಧನೆಗೆ ಹಾಕುತ್ತಾರೆ. ಇಂಥ ಕಡೆ ಅರ್ಜಿ ಹಾಕುವಾಗ, ಸಂದರ್ಶನಕ್ಕೆ ಕೂತಾಗ, ನಿಮ್ಮ ಬರಹ ನಿಮ್ಮ ಕೈಯಲ್ಲಿದ್ದರೆ ಮಾತು ಬೇರೆಯೇ ಆಗುತ್ತದೆ.

ಕಾನೂನು ಓದಬಹುದಲ್ವಾ? ಪದವಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ. 45 ಸಾಕು. ಸಂವಿಧಾನ ಇಷ್ಟಪಟ್ಟು ಓದಿದವರಿಗೆ ಇಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ, ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವ ಹೆಣ್ಣುಮಕ್ಕಳು ಬೇಕೇಬೇಕು.

ಪಾಠ ಮಾಡುವ ಆಸೆ ಇದ್ದರೆ ಎಂಎಯಲ್ಲಿ ಶೇ. 55 ತೆಗೆಯಬೇಕು, ಮೀಸಲು ವರ್ಗಗಳಿಗೆ 50. ಆಮೇಲೆ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ, ರಾಜ್ಯದ ಕೆಸೆಟ್ ಅಥವಾ ರಾಷ್ಟ್ರಮಟ್ಟದ ನೆಟ್. ಕೆಸೆಟ್ ಕನ್ನಡದಲ್ಲೂ ಬರೆಯಬಹುದು, ಈಗ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿ ಮಾಡುವಾಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಪಿಯು ಉಪನ್ಯಾಸಕಿ ಆಗಬೇಕಾದರೆ ಬಿಎಡ್ ಕೂಡ ಬೇಕು. ಒಂದು ಎಚ್ಚರಿಕೆ. ಕಾಯಂ ನೇಮಕಾತಿ ನಿಧಾನ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾದವರು ನಿಮ್ಮ ಕಾಲೇಜಿನಲ್ಲೇ ಇದ್ದಾರೆ. ಅವರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇಂಗ್ಲಿಷ್ ಬರಲ್ಲ ಅಂತ ಪತ್ರದಲ್ಲಿ ಮೂರು ಕಡೆ ಬರೆದಿದ್ದೀರಿ. ಸಂವಿಧಾನದ ಕನ್ನಡ ಪ್ರತಿ, ಇಂಗ್ಲಿಷ್ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಒಂದು ವಿಧಿ ಓದಿ. ವಿಷಯ ನಿಮಗೆ ಮೊದಲೇ ಗೊತ್ತಿರುವುದರಿಂದ ಭಾಷೆ ಅಷ್ಟು ಹೆದರಿಸುವುದಿಲ್ಲ. ಸುಮ್ನೆ ಸ್ಪೋಕನ್ ಇಂಗ್ಲಿಷ್ ತರಗತಿಗೆ ದುಡ್ಡು ಸುರಿಯುವುದಕ್ಕಿಂತ ಇದು ಮೇಲು.

ದುಡ್ಡಿನ ವಿಷಯ. ಎಂಎಗೆ ಸೇರಿದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ತಪ್ಪದೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಹತ್ತು ತಿಂಗಳು ನೆರವಿನ ಹಣ. ಪದವಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತದೆ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುವವರಿಗೆ ಅದು ಸಿಗುವುದಿಲ್ಲ. ಪರೀಕ್ಷೆ ಬರೆಯುವುದೇ ಆದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಉಚಿತ ತರಬೇತಿಗೆ ಮೊದಲು ಪ್ರಯತ್ನಿಸಿ, ಅಣ್ಣನ ದುಡ್ಡು ಆಮೇಲೆ.

ಈ ಪತ್ರಿಕೆ ಓದುವ ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗೂ ಒಂದು ಮಾತು. ನಿಮ್ಮ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂದು ಗೊತ್ತು. ಆದರೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಒಂದು ಪತ್ರ ಬರೆದುಕೊಡಿ, ಈ ಹುಡುಗಿಯರು ಒಂದು ತಿಂಗಳು ಪಂಚಾಯಿತಿಗಳಲ್ಲಿ ಕೂತು ಕಲಿಯಲಿ. ಪತ್ರ ಇಲ್ಲದೆ ಹೋದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಪತ್ರ ಇದ್ದರೆ ಕುರ್ಚಿ ಹಾಕುತ್ತಾರೆ. ನಿಮ್ಮಲ್ಲೇ ಓದಿ ಪಿಡಿಒ, ವಕೀಲರು, ವರದಿಗಾರರು ಆದವರನ್ನು ಒಂದೊಂದು ಶನಿವಾರ ಕರೆಸಿ. ಚುನಾವಣೆ ಹೊತ್ತಿನಲ್ಲಿ ಲೋಕನೀತಿಯಂಥ ಚುನಾವಣಾ ಅಧ್ಯಯನ ಸಂಸ್ಥೆಗಳು ಮತದಾರರ ಸಮೀಕ್ಷೆಗೆ ವಿದ್ಯಾರ್ಥಿಗಳಿಗೇ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳಿಸುತ್ತವೆ. ಅಂಥ ಅವಕಾಶ ಬಂದಾಗ ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗಬೇಡಿ, ತರಗತಿಯಲ್ಲಿ ಓದಿ ಹೇಳಿ.

ಅಪ್ಪನ ಬಗ್ಗೆ ನಾನು ಹೆಚ್ಚು ಹೇಳಲಾರೆ, ಅವರು ನಿಮಗೇ ಗೊತ್ತು. "ಇನ್ನೂ ಓದ್ತೀನಿ" ಅಂತಷ್ಟೇ ಹೇಳಿದರೆ ಅವರಿಗೆ ಅದರ ಕೊನೆ ಕಾಣುವುದಿಲ್ಲ. ಯಾವ ಕೋರ್ಸ್, ಎಲ್ಲಿ, ಎಷ್ಟು ವರ್ಷ, ಎಷ್ಟು ಖರ್ಚು, ಯಾವ ವಿದ್ಯಾರ್ಥಿವೇತನ ಅಂತ ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಅಣ್ಣ ನಿಮ್ಮ ಪರ ಇದ್ದಾರೆ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗ್ರಾಮ ಸಭೆಯ ಬಗ್ಗೆಯೋ ಆ ಅಜ್ಜಿಯ ಬಗ್ಗೆಯೋ ಬರೆದದ್ದನ್ನು ನಮಗೆ ಕಳಿಸಿ. 800 ಪದ ಸಾಕು, ಕೈಬರಹವೂ ಆಗುತ್ತದೆ. ಅಚ್ಚಿಗೆ ಆಗುವ ಹಾಗಿದ್ದರೆ ಹಾಕುತ್ತೇವೆ, ಇಲ್ಲದಿದ್ದರೆ ಎಲ್ಲಿ ಏನು ಬೇಕು ಎಂದು ಅಂಚಿನಲ್ಲಿ ಬರೆದು ವಾಪಸ್ ಕಳಿಸುತ್ತೇವೆ.