ಬಾದಾಮಿಯಿಂದ ಕೂಡಲಸಂಗಮಕ್ಕೆ ಹೊಲದ ದಾರಿಯಲ್ಲಿ ಸೈಕಲ್: ದಿನಕ್ಕೆ ಎಷ್ಟು ದೂರ, ರಾತ್ರಿ ಎಲ್ಲಿ?

ಡಿಸೆಂಬರಿನಲ್ಲಿ ಮೂವರು ಗೆಳೆಯರು ಬಾಗಲಕೋಟೆಯಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಸುತ್ತಿ ಮೂರು ದಿನದಲ್ಲಿ ಮರಳಬೇಕು, ಡಾಂಬರನ್ನು ಆದಷ್ಟು ಬಿಡಬೇಕು, ದಿನಕ್ಕೆ 60 ಕಿ.ಮೀ. ಸಾಧ್ಯವೇ, ಡೇರೆ ಬೇಕೇ ಎಂದು ಕೇಳಿದ್ದೀರಿ. ಬಾಗಲಕೋಟೆಯವನಾಗಿ ಹೇಳುತ್ತೇನೆ: 60 ಬೇಡ, 35 ಸಾಕು, ಮೂರು ದಿನದ ಬದಲು ಮೂರು ರಾತ್ರಿ, ನಾಲ್ಕು ದಿನ ಇಟ್ಟುಕೊಳ್ಳಿ. ಡೇರೆಯೂ ಬೇಡ.

ಡಾಂಬರಿನಲ್ಲಿ ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ., ಅಲ್ಲಿಂದ ಐಹೊಳೆಗೆ ಹದಿಮೂರರ ಆಸುಪಾಸು. ಒಂದು ಬೆಳಗ್ಗೆ ಮುಗಿಯುವ ದೂರ. ಅದೇ ದೂರವನ್ನು ಬಂಡಿ ದಾರಿಯಲ್ಲಿ ಹೋದರೆ ದಿನವಿಡೀ ಬೇಕು. ಗಾಲಿಗಳು ಕೊರೆದ ಎರಡು ಗೆರೆಗಳ ನಡುವೆ ಸೈಕಲ್ಲು ನಿಲ್ಲುವುದಿಲ್ಲ, ಹಳ್ಳ ಬಂದಲ್ಲಿ ಇಳಿಯಬೇಕು, ಒಡ್ಡು ಬಂದಲ್ಲಿ ಹೊರಬೇಕು, ಕವಲು ಬಂದಲ್ಲಿ ಕೇಳಲು ಮನುಷ್ಯರನ್ನು ಹುಡುಕಬೇಕು. ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಹೊತ್ತು ಮುಳುಗುತ್ತದೆ. ಕತ್ತಲಾದ ಮೇಲೆ ಡಾಂಬರಿಗೆ ಏರಿ ಉಳಿದ ದೂರ ಹೊಡೆದುಬಿಡೋಣ ಎಂಬ ಯೋಚನೆ ಇದ್ದರೆ ಈಗಲೇ ಬಿಡಿ. ಆಗ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ, ಹಿಂದೆ ಕೆಂಪು ದೀಪ ಇರುವುದು ಅಪರೂಪ.

ಆದ್ದರಿಂದ ಮೊದಲು ನಕ್ಷೆಯಲ್ಲಿ ಮಲಗುವ ಊರುಗಳನ್ನು ಗುರುತಿಸಿ, ದಾರಿಯನ್ನು ಆಮೇಲೆ ಎಳೆಯಿರಿ. ಬಾದಾಮಿಯಲ್ಲಿ ವಸತಿಗೃಹಗಳಿಗೆ ಬರವಿಲ್ಲ. ಆದರೆ ಪುಷ್ಯ ಮಾಸದಲ್ಲಿ ಬನಶಂಕರಿ ಜಾತ್ರೆ ಇರುತ್ತದೆ, ನಿಮ್ಮ ಪ್ರವಾಸ ಜನವರಿಗೆ ಜಾರಿದರೆ ಕೋಣೆಯ ಆಸೆ ಬಿಡಬೇಕಾಗುತ್ತದೆ. ಎರಡನೆಯ ರಾತ್ರಿ ಐಹೊಳೆ ಅಥವಾ ಅಮೀನಗಡ. ಮೊದಲೇ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಮೂರನೆಯದು ಕೂಡಲಸಂಗಮ, ಅಲ್ಲಿ ಯಾತ್ರಿಗಳಿಗೆ ವಸತಿಯೂ ಇದೆ, ದಾಸೋಹವೂ ಇದೆ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಹಳ್ಳಿಯ ಹನುಮಪ್ಪನ ಗುಡಿಯ ಪೌಳಿಯೋ ಮಠವೋ ಇದ್ದೇ ಇರುತ್ತದೆ. ಹೊತ್ತು ಮುಳುಗುವ ಮೊದಲೇ ಹೋಗಿ, ಊರಿನ ಹಿರಿಯರಿಗೆ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ. ಬೇಡ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಡೇರೆ ಹೂಡುವವರನ್ನು ಮಾತ್ರ ಎಲ್ಲರೂ ಅನುಮಾನದಿಂದ ನೋಡುತ್ತಾರೆ: ಊರಿದ್ದೂ ಊರ ಹೊರಗೆ ಮಲಗುವವನು ಯಾರು ಎಂದು.

ಇನ್ನು ಮಣ್ಣು. ನೀವು ಬೆಂಗಳೂರಿನವರಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಬಾದಾಮಿಯ ಸುತ್ತ ಮರಳುಗಲ್ಲಿನ ಗುಡ್ಡ, ಮಸಾರಿ ಎಂಬ ಕೆಂಪು ಮಣ್ಣು, ಗರಸು ಎಂಬ ಕಲ್ಲುಚೂರಿನ ನೆಲ. ಮಳೆ ಬಿದ್ದರೂ ಎರಡು ತಾಸಿನಲ್ಲಿ ಆರುತ್ತದೆ. ಮಲಪ್ರಭೆಯ ಆಚೀಚೆ, ಮುಂದೆ ಹುನಗುಂದದ ಕಡೆಗೆ ಎರೆಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಒಣಗಿದ್ದಾಗ ಅದರಷ್ಟು ಒಳ್ಳೆಯ ದಾರಿ ಇಲ್ಲ, ಹಾಸಿದ ಹಾಗಿರುತ್ತದೆ. ಒಂದು ಅಡ್ಡ ಮಳೆ ಬಿತ್ತೋ, ಮುಗಿಯಿತು. ಒಂದು ಅಕ್ಟೋಬರಿನಲ್ಲಿ ನಾನು ಇದನ್ನು ಕಲಿತೆ. ಐವತ್ತು ಹೆಜ್ಜೆಗೆ ಗಾಲಿ ನಿಂತುಹೋಯಿತು. ಟೈರಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮಣ್ಣು ಗಾರೆಯಂತೆ ತುಂಬಿತ್ತು. ಕಡ್ಡಿಯಿಂದ ಕೆರೆದೆ, ಮತ್ತೆ ಹತ್ತು ಹೆಜ್ಜೆ, ಮತ್ತೆ ಕೆರೆತ. ಕೊನೆಗೆ ಹೆಗಲಿಗೆ ಹಾಕಿಕೊಂಡು ನಡೆದೆ. ಕಾಲಿಗೆ ಅಂಟಿದ ಮಣ್ಣೇ ಒಂದೊಂದು ಸೇರು ತೂಗುತ್ತಿತ್ತು. ಬದುವಿನ ಮೇಲೆ ಕುಳಿತಿದ್ದ ಅಜ್ಜ ನಗಲಿಲ್ಲ. "ತಮ್ಮಾ, ಹಸಿ ಎರೆಯಲ್ಲಿ ನಾವು ಎತ್ತನ್ನೂ ಇಳಿಸುವುದಿಲ್ಲ" ಎಂದಷ್ಟೇ ಹೇಳಿದ. ಮಳೆಯಾದರೆ ಎರಡು ದಿನ ಡಾಂಬರನ್ನೇ ಹಿಡಿಯಿರಿ, ಅದರಲ್ಲಿ ಅವಮಾನವೇನೂ ಇಲ್ಲ.

ನಕ್ಷೆಯನ್ನು ಪೂರ್ತಿ ನಂಬಬೇಡಿ. ಬಾಗಲಕೋಟೆಯ ಸುತ್ತ ಆಲಮಟ್ಟಿ ಜಲಾಶಯದ ಹಿನ್ನೀರು ಹರಡಿಕೊಂಡಿದೆ. ಮುಳುಗಿದ ಊರುಗಳ ಹಳೆಯ ರಸ್ತೆಗಳು ಮೊಬೈಲಿನಲ್ಲಿ ಗೆರೆಯಾಗಿ ಕಂಡರೂ ನೆಲದ ಮೇಲೆ ನೇರವಾಗಿ ನೀರಿಗೆ ಇಳಿಯುತ್ತವೆ. ಬೇಸಿಗೆಯಲ್ಲಿ ನೀರು ಸರಿದಾಗ ಕೆಲವು ಮತ್ತೆ ಮೇಲೇಳುತ್ತವೆ, ಡಿಸೆಂಬರಿನಲ್ಲಿ ಅಲ್ಲ. ಈ ತೊಡಕು ಬೇಡವೆಂದರೆ ಬಾದಾಮಿಗೆ ರೈಲಿನಲ್ಲಿ ಬನ್ನಿ, ನಿಲ್ದಾಣ ಊರಿನಿಂದ ಐದು ಕಿ.ಮೀ. ದೂರದಲ್ಲಿದೆ. ಮರಳುವಾಗ ಕೂಡಲಸಂಗಮದಿಂದ ನದಿ ದಾಟಿ ಆಲಮಟ್ಟಿಯಲ್ಲಿ ರೈಲು ಹಿಡಿಯಬಹುದು. ಸೈಕಲ್ಲು ಸಾಗಿಸುವ ಬಗ್ಗೆ ಹಿಂದಿನ ದಿನವೇ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮುಳ್ಳಿನ ಬಗ್ಗೆ ಹೇಳುತ್ತೇನೆ. ಬಳ್ಳಾರಿ ಜಾಲಿಯ ಮುಳ್ಳು ಟೈರಿನ ಆಚೆ ಬದಿಗೆ ಬರುತ್ತದೆ, ನೆಗ್ಗಿಲು ಮುಳ್ಳು ಒಂದೇ ಏಟಿಗೆ ಹತ್ತು ತೂತು ಮಾಡುತ್ತದೆ. ಎರಡು ಇಂಚು ಅಗಲದ ಟೈರು, ಒಳಗೆ ತೂತು ಮುಚ್ಚುವ ದ್ರವ, ಆದರೂ ತಲೆಗೆ ಎರಡು ಟ್ಯೂಬು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಹಳೆಯ 28 ಇಂಚಿನ ಟ್ಯೂಬು, ನಿಮ್ಮ 29 ಅಲ್ಲ. ಅಲ್ಲಿನ ಗಾಳಿಯ ಕೊಳವೆ ಮೋಟಾರ್ ಸೈಕಲ್ಲಿನ ದಪ್ಪ ವಾಲ್ವಿಗೆ ಹೊಂದುತ್ತದೆ. ನಿಮ್ಮದು ಸಣ್ಣ ವಾಲ್ವ್ ಆಗಿದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಊಟಕ್ಕೆ ಚಿಂತೆಯಿಲ್ಲ. ಪೇಟೆಯಿಂದ ಎನರ್ಜಿ ಬಾರ್ ತರಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಒಂದು ವಾರ ಕೆಡುವುದಿಲ್ಲ. ಕೊಳವೆಬಾವಿಯ ನೀರು ಬಹಳ ಕಡೆ ಸವಳು, ಊರಿನ ಶುದ್ಧ ನೀರಿನ ಘಟಕಕ್ಕೆ ಹಾಕಲು ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಕುರಿಹಿಂಡು ಎದುರಾದರೆ ಇಳಿದುಬಿಡಿ, ಸೈಕಲ್ಲನ್ನು ಹಿಂಡಿನ ಕಾವಲು ನಾಯಿಗಳಿಗೂ ನಿಮಗೂ ನಡುವೆ ಹಿಡಿದು ನಡೆಯಿರಿ. ಆ ನಾಯಿಗಳಿಗೆ ಸಿಟ್ಟು ನಿಮ್ಮ ಮೇಲಲ್ಲ, ಓಡುವ ಗಾಲಿಯ ಮೇಲೆ.

ಎಳ್ಳಮಾವಾಸ್ಯೆ ನಿಮ್ಮ ದಿನಗಳ ನಡುವೆ ಬರುತ್ತದೆಯೇ ನೋಡಿ. ಬಂದರೆ ಆ ದಿನ 20 ಕಿ.ಮೀ.ಗಿಂತ ಹೆಚ್ಚು ಬರೆದುಕೊಳ್ಳಬೇಡಿ. ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ಹೊಲಕ್ಕೆ ಬಂದ ಮನೆಮಂದಿ ದಾರಿಹೋಕರನ್ನು ಉಣ್ಣಿಸದೆ ಬಿಡುವುದಿಲ್ಲ, ಉಂಡ ಮೇಲೆ ಬೇವಿನ ಮರದ ನೆರಳೂ ನಿಮ್ಮನ್ನು ಬಿಡುವುದಿಲ್ಲ.