ಬೋಂಡಾ ಎಣ್ಣೆ, ಹೊಂಗೆ ಎಣ್ಣೆ ಮತ್ತು ಪಾವಗಡದ ಬಿಸಿಲು

(ಚಿಂತಾಮಣಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ನಿವೃತ್ತಿಯ ನಂತರ ಊರಿಗೆ ಮರಳಿ ಮೂರು ಎಕರೆ ಜಮೀನು ನೋಡಿಕೊಳ್ಳುತ್ತಿದ್ದೇನೆ. ಬೋಂಡಾ ಅಂಗಡಿಯಿಂದ ಕರಿದ ಎಣ್ಣೆ ತಂದು, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಮನೆಯಲ್ಲೇ ಬಯೋಡೀಸೆಲ್ ತಯಾರಿಸಿದೆ. ಮೊದಲ ಸಲ ಚೆನ್ನಾಗಿ ಬಂತು. ಎರಡನೆಯ ಸಲ ಪಾತ್ರೆಯಲ್ಲಿದ್ದುದೆಲ್ಲ ಗಂಜಿಯಂತೆ ಗಟ್ಟಿಯಾಯಿತು. ಕಾರಣವೇನು? ಇದೇ ವಿಧಾನದಲ್ಲಿ ಹೊಂಗೆ ಎಣ್ಣೆಯಿಂದ ಇಡೀ ಊರಿಗೆ ಸಾಲುವಷ್ಟು ಮಾಡಬಹುದೇ? ಪಾವಗಡದ ಸೌರ ಪಾರ್ಕಿನ ಗುಣಗಾನವನ್ನೇ ಮಾಡುವ ನಿಮ್ಮ ಪತ್ರಿಕೆ, ರೈತನ ಇಂಧನ ಅವನ ಬದುವಿನಲ್ಲೇ ಇದೆ ಎಂದು ಯಾಕೆ ಬರೆಯುವುದಿಲ್ಲ?)

ಮಾನ್ಯರೇ,

ನಿಮ್ಮ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಪತ್ರದ ಎರಡನೆಯ ಪುಟದಲ್ಲಿ ನೀವು ಬಹಳ ಸಲೀಸಾಗಿ ಒಂದು ಮಾತು ಬರೆದಿದ್ದೀರಿ: ಮಿಕ್ಕ ಮೆಥನಾಲನ್ನು ನೀರಿನ ಬಾಟಲಿಗಳಿಗೆ ತುಂಬಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೀರಂತೆ. ಎಣ್ಣೆಯ ವಿಚಾರ ಆಮೇಲೆ. ಈ ಪುಟ ಓದುತ್ತಿರುವಾಗಲೇ ಎದ್ದು ಹೋಗಿ ಆ ಬಾಟಲಿಗಳನ್ನು ಕೆಳಗಿಳಿಸಿ, ಮನೆಯಿಂದ ಹೊರಗೆ, ಮಕ್ಕಳ ಕೈಗೆ ಸಿಗದ ನೆರಳಿನ ಜಾಗದಲ್ಲಿ ಬೀಗ ಹಾಕಿಡಿ. ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಎಂದು ಬರೆಯಿರಿ. ನೋಡುವುದಕ್ಕೆ ಅದು ನೀರೇ. ಕುಡಿದವರ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ಇದೇ ಮೆಥನಾಲಿನಿಂದ. 2008ರ ಮೇ ತಿಂಗಳಲ್ಲಿ ಕರ್ನಾಟಕ–ತಮಿಳುನಾಡು ಗಡಿಯ ಊರುಗಳಲ್ಲಿ ಮತ್ತೆ ಅದೇ ನಡೆಯಿತು. ಮೆಥನಾಲಿನ ಮಾರಾಟಕ್ಕೂ ಸಂಗ್ರಹಕ್ಕೂ ಪರವಾನಗಿಯ ಕಟ್ಟುಪಾಡು ಇರುವುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಎಣ್ಣೆಯನ್ನು ಗ್ಯಾಸ್ ಒಲೆಯ ಮೇಲಿಟ್ಟು ಬಿಸಿ ಮಾಡುತ್ತಲೇ ಮೆಥನಾಲ್ ಸುರಿದೆ ಎಂದಿದ್ದೀರಿ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಗೆ. ಕಿಡಿ ತಗುಲಿದರೆ ಅದರ ಆವಿ ಹೊತ್ತಿಕೊಳ್ಳಲು ನಮ್ಮ ಸಾಧಾರಣ ಚಳಿಗಾಲದ ಬೆಳಗಿನ ಬಿಸಿಯೇ ಸಾಕು. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಉರಿ ಹತ್ತಿದೆ ಎಂದು ಗೊತ್ತಾಗುವುದು ಕೈ ಸುಟ್ಟ ಮೇಲೆ. ಮೊದಲ ಸಲ ಏನೂ ಆಗಲಿಲ್ಲ ಎಂಬುದು ನಿಮ್ಮ ಜಾಣ್ಮೆಗೆ ಸಾಕ್ಷಿಯಲ್ಲ. ಮನೆದೇವರಿಗೆ ಒಂದು ಕಾಯಿ ಒಡೆಸಿ.

ಈಗ ನಿಮ್ಮ ಗಂಜಿಯ ವಿಷಯ. ಅದು ಸೋಪು. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾದ ನೆರವಿನಿಂದ ಮೆಥನಾಲ್ ಆ ಮೂರನ್ನೂ ಬಿಡಿಸಿ ತನ್ನ ಜೊತೆ ಕಟ್ಟಿಕೊಳ್ಳುತ್ತದೆ. ಅದೇ ಬಯೋಡೀಸೆಲ್. ಭಾರವಾದ ಗ್ಲಿಸರಿನ್ ಕಂದು ಬಣ್ಣದಲ್ಲಿ ತಳಕ್ಕಿಳಿಯುತ್ತದೆ. ಆದರೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಮೊದಲೇ ಕಳಚಿಕೊಂಡು ಬಿಡಿಯಾಗಿ ತೇಲುತ್ತಿರುತ್ತವೆ. ಸೋಡಾ ಮೊದಲು ಅವುಗಳ ಮೇಲೆ ಬಿದ್ದು ಸೋಪು ಮಾಡುತ್ತದೆ. ಬೋಂಡಾ ಹಿಟ್ಟಿನ ನೀರು ಸೇರಿಕೊಂಡಿದ್ದರೆ ಕೆಲಸ ಇನ್ನೂ ಕೆಡುತ್ತದೆ. ನೀವು ಎರಡೂ ಸಲ ಅದೇ ಚಮಚದಲ್ಲಿ ಸೋಡಾ ಅಳೆದಿರಿ. ಎಣ್ಣೆ ಮಾತ್ರ ಎರಡೂ ಸಲ ಒಂದೇ ಆಗಿರಲಿಲ್ಲ.

ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ ಒಂದು ಗ್ರಾಂ ಸೋಡಾ ಕರಗಿಸಿಟ್ಟುಕೊಳ್ಳಿ. ಒಂದು ಮಿಲಿಲೀಟರ್ ಎಣ್ಣೆಯನ್ನು ಹತ್ತು ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಕಿ, ಅದಕ್ಕೆ ಒಂದಿಷ್ಟು ಅರಿಶಿನದ ರಸ ಹಾಕಿ. ಅರಿಶಿನಕ್ಕೆ ಸುಣ್ಣ ಬೆರೆತರೆ ಓಕುಳಿ ಕೆಂಪಾಗುವುದು ನಿಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಇಲ್ಲಿಯೂ ಅದೇ ನಡೆಯುತ್ತದೆ. ಸೋಡಾ ನೀರನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತಾ ಬನ್ನಿ. ಹಳದಿ ಹೋಗಿ ಕೆಂಪು ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಎಷ್ಟು ಮಿಲಿಲೀಟರ್ ಹಿಡಿಯಿತೋ ಅಷ್ಟು ಗ್ರಾಂ ಸೋಡಾವನ್ನು, ಹೊಸ ಎಣ್ಣೆಗೆ ಬೇಕಾಗುವ ಲೀಟರಿಗೆ ಮೂರೂವರೆ ಗ್ರಾಮಿನ ಮೇಲೆ ಕೂಡಿಸಬೇಕು. ಲೆಕ್ಕ ತೀರಾ ಮೇಲೇರಿದರೆ ಆ ಎಣ್ಣೆ ಬೇಡವೆಂದು ಬಿಟ್ಟುಬಿಡುವುದೇ ಲೇಸು. ಇಷ್ಟು ಪರೀಕ್ಷೆಯನ್ನು ನೀವು ಮಾಡಿದರೆ ನನ್ನ ತಕರಾರಿಲ್ಲ. ಮುಂದಿನ ಹಂತವನ್ನು ವಾಸದ ಮನೆಯೊಳಗೆ ಮಾಡುವುದಕ್ಕೆ ಮಾತ್ರ ತಕರಾರಿದೆ.

ಹೊಂಗೆಗೆ ಇದೇ ವಿಧಾನ ಸಾಲದು. ಕಾಯಿ ತೇವದಲ್ಲಿ ಬಿದ್ದಿದ್ದು, ಬೀಜ ಗೋಣಿಯಲ್ಲಿ ಮಳೆಗಾಲ ಕಳೆದಿದ್ದರೆ ಆ ಎಣ್ಣೆಯಲ್ಲಿ ಬಿಡಿ ಆಮ್ಲ ಬೋಂಡಾ ಎಣ್ಣೆಗಿಂತಲೂ ಹೆಚ್ಚಿರಬಹುದು. ಆಗ ಮೊದಲು ಗಂಧಕಾಮ್ಲ ಮತ್ತು ಮೆಥನಾಲ್ ಹಾಕಿ ಒಂದು ಸುತ್ತು, ಆಮೇಲೆ ಸೋಡಾ ಹಾಕಿ ಇನ್ನೊಂದು ಸುತ್ತು ನಡೆಸಬೇಕು. ಬಿಸಿ ಎಣ್ಣೆ, ಗಂಧಕಾಮ್ಲ, ಮೆಥನಾಲ್ ಮೂರನ್ನೂ ಹಿತ್ತಿಲಲ್ಲಿ ಒಟ್ಟಿಗೆ ಇಟ್ಟುಕೊಳ್ಳಿ ಎಂದು ಬರೆಯಲು ನನ್ನ ಪೆನ್ನು ಏಳುವುದಿಲ್ಲ. ಅಲ್ಲದೆ ನೂರು ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ ಬೇಕು. ನಮ್ಮ ದೇಶ ಬಳಸುವ ಮೆಥನಾಲಿನ ಬಹುಪಾಲು ಆಮದಾಗುತ್ತದೆ. ಅದನ್ನು ತಯಾರಿಸುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. ‘ಪೂರ್ಣ ಸ್ವದೇಶಿ’ ಎಂದು ಪತ್ರದಲ್ಲಿ ಎರಡು ಸಲ ಅಡಿಗೆರೆ ಎಳೆದಿದ್ದೀರಲ್ಲ, ಅದಕ್ಕಾಗಿ ಹೇಳಿದೆ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತೆಂದು ನೆನಪಿಸಿದ್ದೀರಿ. ನಿಜ. ಆದರೆ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶ ಒಗ್ಗರಣೆಯ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಲಾರದು. ಹೊಂಗೆ, ಬೇವು, ಹಿಪ್ಪೆಯ ಕಡೆ ಸರ್ಕಾರ ತಿರುಗಿದ್ದು ಆ ಕಾರಣಕ್ಕೇ. ಕರ್ನಾಟಕ 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿ ತಂದಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಚೆಂದದ ಹೆಸರಿನ ಯೋಜನೆಗಳು ಬಂದವು. ಸಸಿಗಳೇನೋ ಹಂಚಿಕೆಯಾದವು. ಕಾಯಿ ಆರಿಸಿ, ಬಡಿದು, ಸಿಪ್ಪೆ ಬಿಡಿಸಿ ಗಾಣಕ್ಕೆ ಹೊರುವ ಕೂಲಿಯ ಮುಂದೆ ಬೀಜಕ್ಕೆ ಸಿಗುವ ಬೆಲೆ ಗಿಟ್ಟದಿದ್ದರೆ ಬದುವಿನ ಮರದ ಕಾಯಿ ಬದುವಿನಲ್ಲೇ ಉದುರಿ ಹೋಗುತ್ತದೆ. ನಿಮ್ಮ ಊರಿನಲ್ಲೇ ಈ ಬೇಸಿಗೆಯಲ್ಲಿ ಎಷ್ಟು ಜನ ಹೊಂಗೆ ಕಾಯಿ ಆರಿಸಿದರು, ಕೇಳಿ ನೋಡಿ.

ಪಾವಗಡದ ಮೇಲಿನ ನಿಮ್ಮ ಸಿಟ್ಟಿಗೆ ಬರೋಣ. ಗುಣಗಾನ ಬೇಡ, ಲೆಕ್ಕ ಹಾಕೋಣ. ಉದಾರವಾಗಿಯೇ ಹಾಕುತ್ತೇನೆ. ಎಕರೆಗೆ ನೂರು ಹೊಂಗೆ ಮರ, ಮರಕ್ಕೆ 20 ಕೆ.ಜಿ. ಬೀಜ, ಬೀಜದ ಕಾಲು ಭಾಗ ಎಣ್ಣೆ ಎಂದುಕೊಂಡರೆ ವರ್ಷಕ್ಕೆ 500 ಕೆ.ಜಿ., ಅಂದರೆ 540 ಲೀಟರಿನಷ್ಟು ಎಣ್ಣೆ. ಸಣ್ಣ ಜನರೇಟರ್ ಲೀಟರಿಗೆ ಮೂರು ಯೂನಿಟ್ ಕೊಟ್ಟರೆ ವರ್ಷಕ್ಕೆ 1,600 ಯೂನಿಟ್. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಇದೆ. ಎಕರೆಗೆ 150 ಕಿಲೋವಾಟ್ ಎಂದು ಹಿಡಿಯಿರಿ. ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಎಂದರೂ 600 ಯೂನಿಟ್ ಆಯಿತು. ಹೊಂಗೆ ತೋಪು ಇಡೀ ವರ್ಷ ದುಡಿದು ಕೊಡುವ ವಿದ್ಯುತ್ತನ್ನು ಅದೇ ಜಾಗದ ಫಲಕಗಳು ಮೂರು ದಿನದೊಳಗೆ ಕೊಡುತ್ತವೆ. ಹೊಂಗೆಯ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ ಈ ಲೆಕ್ಕವನ್ನು ತಿದ್ದಲಾರೆ.

ಹಾಗೆಂದು ಪಾವಗಡದ ಬಾಬ್ತಿನಲ್ಲಿ ಎಲ್ಲವೂ ಜಮೆಯ ಕಡೆಗೇ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಪಹಣಿ ಇದ್ದವರಿಗೆ ಸಿಕ್ಕಿತು. ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಿದ್ದ ಕೂಲಿಯವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಪಹಣಿ ಎಲ್ಲಿಂದ ಬರಬೇಕು? ಹೊಂಗೆಯೋ ಯಾರ ಹೊಲವನ್ನೂ ಕೇಳುವುದಿಲ್ಲ. ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ರಸ್ತೆ ಬದಿಯಲ್ಲಿ ಬೆಳೆದು, ನೆರಳು ಕೊಟ್ಟು, ಹಿಂಡಿಯನ್ನು ಗೊಬ್ಬರಕ್ಕೆ ಬಿಟ್ಟು, ಮಿಕ್ಕಿದ್ದರಲ್ಲಿ ಎಣ್ಣೆ ಕೊಡುತ್ತದೆ. ಹೀಗಾಗಿ ಎರಡನ್ನೂ ಒಂದೇ ಅಖಾಡಕ್ಕೆ ಇಳಿಸಿ ಯಾರು ಗೆದ್ದರು ಎಂದು ಕೇಳುವುದರಲ್ಲಿ ಹುರುಳಿಲ್ಲ. ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ, ಯಾರ ಕೈಯಲ್ಲಿ ಎಂದು ಮೊದಲು ಕೇಳಬೇಕು.

ಈ ಪ್ರಶ್ನೆಯನ್ನು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕು ಬಹಳ ಹಿಂದೆಯೇ ಕೇಳಿಕೊಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಪುರ ಎಂಬ ಹಳ್ಳಿಯಲ್ಲಿ ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಉದ್ದೇಶ ಅಡುಗೆಗೆ ಅನಿಲ ಕೊಡುವುದು. ಅದು ನಡೆಯಲಿಲ್ಲ. ಊರಿನ ಸಗಣಿ ಎಲ್ಲರ ಒಲೆಗೆ ಸಾಲುವಷ್ಟಿರಲಿಲ್ಲ, ಸೌದೆಯೋ ಪುಕ್ಕಟೆ ಸಿಗುತ್ತಿತ್ತು. ಜನರಿಗೆ ನಿಜವಾಗಿ ಬೇಕಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿಯನ್ನು ತೂಕ ಹಾಕಿ ಪಡೆದು, ತಂದವರಿಗೆ ಕಾಸು ಕೊಟ್ಟು, ಬಗ್ಗಡವನ್ನು ಗೊಬ್ಬರಕ್ಕೆ ವಾಪಸು ಕೊಡುತ್ತಿದ್ದರು. ಎಂಜಿನ್ನಿಗೆ ಅನಿಲದ ಜೊತೆ ಸ್ವಲ್ಪ ಡೀಸೆಲ್ ಬೇಕಾಗುತ್ತಿತ್ತು. ನಿಮ್ಮ ಹೊಂಗೆ ಎಣ್ಣೆಗೆ ಹೇಳಿ ಮಾಡಿಸಿದ ಜಾಗ ಅದು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯನ್ನು ಅರೆಬರೆ ಉರಿಸಿ, ಬರುವ ಅನಿಲದಿಂದ ಎಂಜಿನ್ ಓಡಿಸುವ ಯಂತ್ರ ಬಂತು. ವಿದ್ಯುತ್ ತಂತಿ ಕಾಣದ ಆ ಊರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೀಪ, ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದರಿಂದಲೇ ನಡೆದವು. ಯಂತ್ರ ದೊಡ್ಡ ಸಮಸ್ಯೆಯಾಗಿರಲಿಲ್ಲ. ದಿನವೂ ಸೌದೆ ತರುವವರು ಯಾರು, ತಿಂಗಳ ಹಣ ವಸೂಲಿ ಮಾಡುವವರು ಯಾರು ಎಂಬಲ್ಲಿಯೇ ಕಷ್ಟವೆಲ್ಲ. ‘ಊರಿಗೆಲ್ಲ ಸಾಲುವಷ್ಟು’ ಎನ್ನುವ ಮುಂಚೆ ಈ ಇಬ್ಬರು ನಿಮ್ಮ ಊರಿನಲ್ಲಿ ಯಾರೆಂದು ಹೆಸರು ಹೇಳಿ.

ನಿಮ್ಮದೇ ಜಿಲ್ಲೆಯಲ್ಲೂ ಉದಾಹರಣೆ ಇದೆ. ಬಾಗೇಪಲ್ಲಿಯ ಕೂಲಿ ಸಂಘ ಬಡವರ ಮನೆಗಳಿಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸುವ ಯೋಜನೆ ಕೈಗೆತ್ತಿಕೊಂಡು, ಇಂಗಾಲ ಉಳಿತಾಯದ ಲೆಕ್ಕದಲ್ಲಿ ವಿದೇಶದಿಂದ ಹಣ ತರುವ ವ್ಯವಸ್ಥೆಗೆ 2005ರಲ್ಲೇ ನೋಂದಾಯಿಸಿತು. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು ಇವೆ ಎಂದು ಬರೆದಿದ್ದೀರಿ. ಅಂಥ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಸಾಕು. ಮೆಥನಾಲಿನ ಹಂಗಿಲ್ಲದೆ ನಿಮ್ಮ ಒಲೆ ಉರಿಯುತ್ತದೆ.

ನೀರು ಎಂದೆ. ನಮ್ಮ ಈ ಭಾಗದ ಜಿಲ್ಲೆಗಳಲ್ಲಿ ಇಂಧನದ ಯಾವ ಚರ್ಚೆಯಾದರೂ ಕೊನೆಗೆ ಕೊಳವೆಬಾವಿಯ ಬಾಯಿಗೇ ಬಂದು ನಿಲ್ಲುತ್ತದೆ. ಸಾವಿರ ಅಡಿ ದಾಟಿದ ಬಾವಿಯಿಂದ ಪುಕ್ಕಟೆ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಂಪು ಓಡಿಸಿದರೆ ವಿದ್ಯುತ್ ಉಳಿದೀತು, ನೀರು ಉಳಿಯುವುದಿಲ್ಲ. ಸೌರಪಂಪಿನ ಪರ ಬರೆಯುವಾಗ ನನ್ನನ್ನು ಕಾಡುವುದು ಇದೊಂದೇ. ಇದಕ್ಕೆ ನಿಮ್ಮ ಬಯೋಡೀಸೆಲ್ ಕೂಡ ಉತ್ತರವಲ್ಲ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಬಯೋಡೀಸೆಲ್ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹಾಕಬೇಡಿ. ಅದರ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ಮೆಥನಾಲೂ ಅದರಲ್ಲಿ ಉಳಿದಿರುತ್ತದೆ. ತಳದ ಗ್ಲಿಸರಿನ್‌ನಿಂದ ಕೈ ತೊಳೆಯುವ ಸೋಪು ಮಾಡುವ ಯೋಚನೆಯನ್ನೂ ಇದೇ ಕಾರಣಕ್ಕೆ ಬಿಡಿ. ಬೋಂಡಾ ಅಂಗಡಿಯವರು ಎಣ್ಣೆಯನ್ನು ಮೂರನೆಯ ದಿನವೂ ಕಾಯಿಸುವುದು ತಪ್ಪಬೇಕು ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ಕೆಟ್ಟ ಎಣ್ಣೆಯನ್ನು ಸಂಗ್ರಹಿಸಿ ಕಾರ್ಖಾನೆಗೆ ಕಳಿಸುವ ವ್ಯವಸ್ಥೆಗೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಚಾಲನೆ ಕೊಟ್ಟಿದೆ. ನಾಲ್ಕಾರು ಅಂಗಡಿಗಳ ಎಣ್ಣೆಯನ್ನು ಡ್ರಮ್ಮಿಗೆ ತುಂಬಿಸಿ ನೋಂದಾಯಿತ ಸಂಗ್ರಾಹಕರಿಗೆ ಮುಟ್ಟಿಸಿದರೆ ಅದು ಎರಡನೆಯ ಬಾರಿ ಯಾರ ಹೊಟ್ಟೆಗೂ ಹೋಗುವುದಿಲ್ಲ. ನೀವೇ ತಯಾರಿಸಿ ನೆರೆಯವರಿಗೆ ಮಾರುವ ಆಲೋಚನೆ ಇದ್ದರೆ ಕೈಬಿಡಿ. ವಾಹನಗಳಿಗೆ ಬಯೋಡೀಸೆಲ್ ಮಾರಲು 2019ರ ಕೇಂದ್ರದ ಮಾರ್ಗಸೂಚಿ ಇದೆ, ಗುಣಮಟ್ಟಕ್ಕೆ ಮಾನಕ ಇದೆ. ಹಿತ್ತಿಲ ಡ್ರಮ್ಮು ಅವೆರಡನ್ನೂ ದಾಟಲಾರದು.

ಈಗಾಗಲೇ ಮಾಡಿಟ್ಟಿರುವ ಆ ಐದು ಲೀಟರಿನ ಬಗ್ಗೆ ಕೇಳಿದ್ದೀರಿ. ಬಾಟಲಿಯಲ್ಲಿ ಅರ್ಧ ಅದು, ಅರ್ಧ ನೀರು ಹಾಕಿ ಚೆನ್ನಾಗಿ ಕುಲುಕಿ. ಕೆಲವು ನಿಮಿಷಗಳಲ್ಲಿ ಎರಡೂ ಸ್ವಚ್ಛವಾಗಿ ಬೇರೆಯಾದರೆ ಸರಿ. ಮಜ್ಜಿಗೆಯ ಹಾಗೆ ಬೆಳ್ಳಗೆ ನಿಂತುಬಿಟ್ಟರೆ ಎಂಜಿನ್ನಿಗೆ ಬೇಡ. ಸರಿ ಬಂದರೂ ಚೆನ್ನಾಗಿ ತೊಳೆದು, ನೀರಿನಂಶ ಪೂರ್ತಿ ಆರಿಸಿ, ನಾಲ್ಕು ಪಾಲು ಡೀಸೆಲಿಗೆ ಒಂದು ಪಾಲಿಗಿಂತ ಹೆಚ್ಚು ಬೆರೆಸಬೇಡಿ. ಹಳೆಯ ಟಿಲ್ಲರಿಗೆ ಮಾತ್ರ ಹಾಕಿ. ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಅದು ಕಿತ್ತು ತರುತ್ತದೆ, ಆದ್ದರಿಂದ ಹೊಸ ಫಿಲ್ಟರ್ ಒಂದನ್ನು ತಂದಿಟ್ಟುಕೊಳ್ಳಿ. ರಬ್ಬರ್ ಪೈಪುಗಳು ಮೆತ್ತಗಾಗುತ್ತಿವೆಯೇ ಎಂದು ಆಗಾಗ ಮುಟ್ಟಿ ನೋಡಿ. ನಿಮ್ಮ ಮಗ ಕಳೆದ ವರ್ಷ ತಂದ ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದೆ. ಅದರ ಹತ್ತಿರ ಹೋಗಬೇಡಿ.

– ಸಂಪಾದಕ