ಕಡು ಬಣ್ಣ ಹಾಕಿ, ಮುಖಕ್ಕೆ ತೀರಾ ಹತ್ತಿರ ಬೇಡ

ಮೇಡಂ, ನಿಮ್ಮ ಫೋಟೋಗಳನ್ನು ನೋಡಿದೆ. ಎಂಟು ತಿಂಗಳ ಮಗಳಿಗೆ ಕೆಂಪು ಜರಿ ಲಂಗ, ಕೆಂಪು ರವಿಕೆ ಹಾಕಿ ಮಂಡ್ಯದ ಮನೆಯಲ್ಲೇ ತೆಗೆದಿದ್ದೀರಿ. ಗಲ್ಲದ ಕೆಳಗೆಲ್ಲ ಕೆಂಪಾಗಿದೆ, ಲಂಗದ ನೆರಿಗೆ ಕಾಣದೆ ಒಂದೇ ಮುದ್ದೆಯಾಗಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರಿಸಿದ ಕೆಲವರು "ಬಿಳಿ, ಕ್ರೀಮ್ ಹಾಕಿಬಿಡಿ, ತಲೆನೋವಿಲ್ಲ" ಅಂದಿದ್ದಾರೆ. ನಾನು ಒಪ್ಪೋದಿಲ್ಲ. ನಮ್ಮ ಮಕ್ಕಳ ಗೋಧಿ ಬಣ್ಣಕ್ಕೂ ಎಣ್ಣೆಗಪ್ಪಿಗೂ ಕಡು ಬಣ್ಣ ಬಹಳ ಚೆನ್ನಾಗಿ ಒಪ್ಪುತ್ತದೆ. ಬಿಸ್ಕೆಟ್ ಬಣ್ಣದ ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಮಲಗಿಸಿದ ಫೋಟೋ ಈಗ ಎಲ್ಲರ ಮನೆಯಲ್ಲೂ ಇದೆ, ಅಲ್ವಾ?

ಕೆಂಪು ಬಂದಿರೋದು ಬಟ್ಟೆಯಿಂದ. ಬಟ್ಟೆಯ ಮೇಲೆ ಬಿದ್ದ ಬೆಳಕು ಅದೇ ಬಣ್ಣ ಹೊತ್ತುಕೊಂಡು ಮೇಲಕ್ಕೆ ಹೋಗಿ ಗಲ್ಲ, ಕೆನ್ನೆಗೆ ತಗಲುತ್ತದೆ. ದೊಡ್ಡವರಲ್ಲಿ ಇದು ಅಷ್ಟು ಕಾಣೋದಿಲ್ಲ. ಮಕ್ಕಳಿಗೆ ಕತ್ತೇ ಇರೋದಿಲ್ಲವಲ್ಲ, ಬಟ್ಟೆ ನೇರ ಮುಖಕ್ಕೇ ಅಂಟಿಕೊಂಡಿರುತ್ತದೆ. ಇನ್ನೊಂದು, ನಿಮ್ಮ ಮನೆ ನೆಲ ರೆಡ್ ಆಕ್ಸೈಡ್. ಮೈಸೂರು, ಮಂಡ್ಯ ಕಡೆ ಹಳೇ ಮನೆಗಳಲ್ಲೆಲ್ಲ ಇದೇ ಕಥೆ, ಕಿಟಕಿ ಬೆಳಕು ನೆಲಕ್ಕೆ ಬಿದ್ದು ಕೆಳಗಿನಿಂದ ಕೆಂಪು ಹೊಡೆಯುತ್ತದೆ, ಜನ ಕ್ಯಾಮೆರಾ ಸರಿ ಇಲ್ಲ ಅಂತ ಬೈಯುತ್ತಾರೆ. ಕಿಟಕಿಗೂ ಮಗುವಿಗೂ ನಡುವೆ, ಫ್ರೇಮಿನಿಂದ ಹೊರಗೆ, ಒಂದು ಬಿಳಿ ಪಂಚೆ ಹಾಸಿಬಿಡಿ. ಲಂಗ ಕೆಂಪಾಗೇ ಇರಲಿ, ರವಿಕೆ ಮಾತ್ರ ಕೆನೆ ಬಣ್ಣದ್ದು ಹಾಕಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹಿಂದೆ ಬಣ್ಣದ ಬಟ್ಟೆ ಕಟ್ಟೋದಾದರೆ ಮಗುವಿನಿಂದ ನಾಲ್ಕೈದು ಅಡಿ ದೂರ ಇರಲಿ.

ನೆರಿಗೆ ಮಾಯವಾಗೋದಕ್ಕೆ ಕಾರಣ ಬೇರೆ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಅಳೆಯುತ್ತದೆ. ಕಡು ಕೆಂಪು ಬಟ್ಟೆಯಲ್ಲಿ ಕೆಂಪು ಚಾನೆಲ್ ಒಂದೇ ತುಂಬಿ ತುಳುಕುತ್ತದೆ, ಒಟ್ಟು ಹಿಸ್ಟೋಗ್ರಾಮ್ (ಫೋಟೋದಲ್ಲಿ ಎಲ್ಲಿ ಎಷ್ಟು ಬೆಳಕಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ಮಾತ್ರ ಎಲ್ಲ ಸರಿ ಇದೆ ಅಂತ ತೋರಿಸುತ್ತಿರುತ್ತದೆ. ಅದಕ್ಕೇ ಆರ್‌ಜಿಬಿ ಹಿಸ್ಟೋಗ್ರಾಮ್ (ಮೂರೂ ಬಣ್ಣವನ್ನು ಬೇರೆ ಬೇರೆ ತೋರಿಸೋದು) ಹಾಕಿಕೊಂಡು ಕೆಂಪು ಗೆರೆ ಬಲತುದಿಗೆ ಒತ್ತಿದೆಯಾ ನೋಡಿ. ಒತ್ತಿದ್ದರೆ ಎಕ್ಸ್‌ಪೋಶರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಮೈನಸ್ 0.7ಕ್ಕೆ ಇಳಿಸಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಇಡುವ ಫೈಲ್) ತೆಗೆಯಿರಿ, ಮುಖವನ್ನು ಆಮೇಲೆ ಎಡಿಟ್ ಮಾಡುವಾಗ ಬೆಳಗಿಸಬಹುದು. ಫೋನಾದರೆ ಮುಖದ ಮೇಲೆ ಬೆರಳಿಟ್ಟು ಸ್ವಲ್ಪ ಕೆಳಕ್ಕೆ ಎಳೆಯಿರಿ. ಸ್ಯಾಟಿನ್ ಬೇಡವೇ ಬೇಡ, ಹೊಳಪಿಗೆ ಬಿಳಿ ಪಟ್ಟೆ ಬೀಳುತ್ತದೆ. ಹತ್ತಿ ಬಟ್ಟೆಯೇ ವಾಸಿ.

ಯಾವ ಬಣ್ಣ ಅಂತ ಕೇಳಿದರೆ, ನನ್ನ ಮೊದಲ ಆಯ್ಕೆ ನವಿಲು ನೀಲಿ. ಯಾರ ಚರ್ಮವೇ ಆಗಲಿ, ಕಪ್ಪೋ ಬಿಳಿಯೋ, ಒಳಗೆ ಕಿತ್ತಳೆ ಛಾಯೆ ಇದ್ದೇ ಇರುತ್ತದೆ. ನೀಲಿ ಅದರ ಎದುರು ಬಣ್ಣ, ಹಾಗಾಗಿ ಮುಖ ಎದ್ದು ಬರುತ್ತದೆ. ರಾಣಿ ಪಿಂಕ್, ಗಿಳಿ ಹಸಿರು ಕೂಡ ಚೆನ್ನ, ಆದರೆ ಒಂದು ಫ್ರೇಮಿನಲ್ಲಿ ಒಂದೇ ಬಣ್ಣ ಜೋರಾಗಿರಲಿ, ಉಳಿದದ್ದು ಸುಮ್ಮನಿರಲಿ. ಸಾಸಿವೆ ಹಳದಿ ಗೋಧಿ ಬಣ್ಣದ ಮುಖದಲ್ಲಿ ಕರಗಿಹೋಗುತ್ತದೆ. ಹುಟ್ಟಿದ ಮೊದಲ ವಾರದ ಮಕ್ಕಳಿಗಂತೂ ಹಳದಿ ಬೇಡ, ಎಷ್ಟೋ ಮಕ್ಕಳಿಗೆ ಆಗ ಕಾಮಾಲೆಯಿಂದ ಮೈ ಹಳದಿ ತಿರುಗಿರುತ್ತದೆ, ಅದು ಇನ್ನೂ ಜಾಸ್ತಿ ಕಾಣುತ್ತದೆ. ಫ್ಲೋರೊಸೆಂಟ್ ಬಣ್ಣಗಳನ್ನು ಬಿಟ್ಟೇಬಿಡಿ, ಪ್ರಿಂಟಿಗೆ ಅವು ಬರೋದೇ ಇಲ್ಲ.

ಹಿಂದೆ ಕಟ್ಟುವ ಬಟ್ಟೆಗೆ ಸ್ಟುಡಿಯೋ ಬ್ಯಾಕ್‌ಡ್ರಾಪ್ ಅಂತ ದುಡ್ಡು ಸುರಿಯಬೇಡಿ. ಮೈಸೂರಿಗೆ ಬಂದಾಗ ದೇವರಾಜ ಅರಸು ರಸ್ತೆ ಕಡೆ ಯಾವುದಾದರೂ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ, ಎರಡೂವರೆ ಮೀಟರ್ ಪಾಪ್ಲಿನ್ ತಗೊಳ್ಳಿ. ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಲ್ಲಿ ನೋಡಿ. ಇಸ್ತ್ರಿ ಮಾಡೋದು ಮರೀಬೇಡಿ.

ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲಿ ಅಂತ ಕ್ಯಾಮೆರಾ ತಾನೇ ಬಣ್ಣ ತಿದ್ದೋದು) ಆಫ್ ಮಾಡಿ. ಫ್ರೇಮ್ ತುಂಬ ಒಂದೇ ಬಣ್ಣ ಇದ್ದರೆ ಅದು ಮೋಸ ಹೋಗುತ್ತದೆ. ಹಿಂದೆ ಹಳದಿ ಇದ್ದರೆ ನೀಲಿ ಸೇರಿಸಿ ಮಗುವಿನ ಮುಖ ಪೇಲವ ಮಾಡುತ್ತದೆ. ಗ್ರೇ ಕಾರ್ಡ್ (ಬಣ್ಣ ಅಳೆಯೋಕೆ ಬಳಸುವ ಸಾದಾ ಬೂದು ರಟ್ಟು) ಇಟ್ಟು ಸೆಟ್ ಮಾಡಿಕೊಳ್ಳಿ, ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಬೆಳಕೊಂದೇ ಸಾಕು.

ಹೊರಗೆ ತೆಗೆಯುವ ಆಸೆ ಇದ್ದರೆ ನಿಮ್ಮ ಊರಿನ ಭತ್ತದ ಗದ್ದೆಗಿಂತ ಒಳ್ಳೆ ಹಿನ್ನೆಲೆ ಎಲ್ಲಿದೆ ಹೇಳಿ? ಹಸಿರಿಗೆ ಆ ಕೆಂಪು ಲಂಗವೇ ಸರಿಯಾದ ಜೋಡಿ. ಆದರೆ ಹುಲ್ಲಿನ ಮೇಲೆ ನೇರ ಕೂರಿಸಬೇಡಿ, ಹಸಿರು ಗಲ್ಲಕ್ಕೆ ಹೊಡೆದು ಮಗು ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ. ಬದುವಿನ ಮೇಲೆ ಬಿಳಿ ದುಪ್ಪಟಿ ಹಾಸಿ, ಇಲ್ಲವೇ ಅಜ್ಜಿ ಎತ್ತಿಕೊಳ್ಳಲಿ. ಬೆಳಗ್ಗೆ ಎಂಟರೊಳಗೆ ಮುಗಿಸಿ. ಬಿಸಿಲೇರಿದರೆ ಮಗು ಕಣ್ಣು ಬಿಡೋದಿಲ್ಲ.

ಕ್ಯಾಮೆರಾ ಕಡೆ ನೋಡಿಸೋಕೆ ಚನ್ನಪಟ್ಟಣದ ಗಿಲಕಿ ಇಟ್ಟುಕೊಳ್ಳಿ. ಎಂಟು ತಿಂಗಳಿಗೆ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ, ಲೆನ್ಸ್ ಪಕ್ಕ ಹಿಡಿದು ಅಲ್ಲಾಡಿಸಿ ಸಾಕು. ಕೈಗೇ ಕೊಟ್ಟರೆ ಬಟ್ಟೆ ಸಾದಾ ಇದ್ದರೂ ಫೋಟೋಗೆ ಬಣ್ಣ ಬರುತ್ತದೆ. ನೇರ ಬಾಯಿಗೆ ಹೋಗುತ್ತೆ, ಅದನ್ನೂ ಒಂದು ತೆಗೆಯಿರಿ.

ಎಡಿಟ್ ಮಾಡುವಾಗ ಸ್ಯಾಚುರೇಷನ್ (ಎಲ್ಲ ಬಣ್ಣವನ್ನೂ ಒಟ್ಟಿಗೆ ಗಾಢ ಮಾಡೋದು) ಮುಟ್ಟಬೇಡಿ, ವೈಬ್ರೆನ್ಸ್ (ಮಂಕಾದ ಬಣ್ಣವನ್ನೇ ಹೆಚ್ಚು ಎತ್ತೋದು) ಸ್ವಲ್ಪ ಏರಿಸಿ, ಅದು ಚರ್ಮದ ಬಣ್ಣವನ್ನು ಅಷ್ಟು ಕೆಡಿಸೋದಿಲ್ಲ. ಗಲ್ಲದ ಕೆಳಗೆ ಇನ್ನೂ ಕೆಂಪಿದ್ದರೆ ಆ ಜಾಗಕ್ಕಷ್ಟೇ ಬ್ರಷ್ ಹಾಕಿ ಕೆಂಪು ಇಳಿಸಿ. ಫೈಲ್ ಎಸ್‌ಆರ್‌ಜಿಬಿಯಲ್ಲಿ (ಎಲ್ಲೆಡೆ ಬಳಸುವ ಸಾಮಾನ್ಯ ಬಣ್ಣದ ಮಾನದಂಡ) ಸೇವ್ ಮಾಡಿ ಪ್ರಿಂಟ್ ಲ್ಯಾಬಿಗೆ ಕೊಡಿ. 12x18 ಇಂಚಿನ ಪ್ರಿಂಟ್ ಹಾಕಿಸೋ ಮೊದಲು ಒಂದು 4x6 ತೆಗೆಸಿ ನೋಡಿ, ಕೆಂಪು ಹೆಚ್ಚಾಗಿದ್ದರೆ ಅದರಲ್ಲೇ ಗೊತ್ತಾಗುತ್ತದೆ.